ಕಥೆಯಲ್ಲಿ ಇಷ್ಟೊಂದು ಕ್ಯಾಮೆರಾ ಇಟ್ಟರೂ ಯಾರಿಗೂ ಯಾಕೆ ಹೆದರಿಕೆ ಆಗ್ತಿಲ್ಲ?

ಕೋಟೆ_ಹಿಂದಿನ_ಮನೆ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಥೆ ಬರೆಯೋರು, ಓದೋರು ಇದ್ದೀರಿ ಅಂತ ಕೇಳ್ತಿದ್ದೀನಿ.

ಒಂದು ನೀಳ್ಗತೆ ಬರೀತಿದ್ದೀನಿ. 2071ನೇ ಇಸವಿ, ನಮ್ಮ ಚಿತ್ರದುರ್ಗ. ಹುಟ್ಟಿದ ಪ್ರತಿ ಮಗುವಿಗೂ ಕಿವಿ ಹಿಂದೆ ಚಿಪ್ ಕೂರಿಸ್ತಾರೆ. ಏಳು ಸುತ್ತಿನ ಕೋಟೆ ಮೇಲೆ ಹಗಲೂ ರಾತ್ರಿ ಡ್ರೋನ್ ಹಾರ್ತಿರುತ್ತೆ. ಓಬವ್ವನ ಕಿಂಡಿಯಲ್ಲೂ ಸೆನ್ಸರ್. ಎಲ್ಲದರ ಮೇಲೆ 'ಮಹಾಯಂತ್ರ' ಅಂತ ಒಂದಿದೆ, ಅದು ಜನರ ಮನಸ್ಸು ಓದುತ್ತೆ, ತಪ್ಪು ಯೋಚನೆ ಬಂದ ತಕ್ಷಣ ಚಿಪ್‌ನಿಂದ ಶಾಕ್ ಕೊಡುತ್ತೆ. ಕೊನೆಗೆ ನಾಯಕ ಜೋಗಿಮಟ್ಟಿ ಗುಡ್ಡದ ಮೇಲಿನ ಸರ್ವರ್ ಒಡೆದು ಊರನ್ನ ಬಿಡಿಸ್ತಾನೆ.

ಮನೇಲಿ ಓದೋಕೆ ಕೊಟ್ಟೆ. ತಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ಡ್ರೋನಿಗೆ ಚಾರ್ಜ್ ಎಲ್ಲಿ ಹಾಕ್ತಾರೆ?" ಗೆಳತಿ "ಚೆನ್ನಾಗೈತೆ ಕಣೇ, ವಿಡಿಯೋ ಗೇಮ್ ಆಡ್ದಂಗಾತು" ಅಂದ್ಲು. ಹೆದರಿಕೆ ಆಯ್ತಾ ಅಂದ್ರೆ ನಕ್ಕಳು.

ಎಂಎ ಮಾಡುವಾಗ ಜಾರ್ಜ್ ಆರ್ವೆಲ್‌ನ '1984' ಓದಿದ್ದೆ. ಅದು ಬಂದಿದ್ದು 1949ರಲ್ಲಿ. ಅದರಲ್ಲಿರೋ ಟೆಲಿಸ್ಕ್ರೀನು, ಅಂದ್ರೆ ಮನೆಯೊಳಗಿನವರನ್ನ ನೋಡ್ತಾ ಕೇಳ್ತಾ ಇರೋ ಗೋಡೆ ಪರದೆ, ನಮ್ಮ ಕೈಲಿರೋ ಫೋನಿನ ಮುಂದೆ ಏನೇನೂ ಅಲ್ಲ. ಆದ್ರೂ ಓದಿದ ರಾತ್ರಿ ನಿದ್ದೆ ಹತ್ತಿರಲಿಲ್ಲ. ನನ್ನ ಕಥೇಲಿ ಅದರ ಹತ್ತು ಪಟ್ಟು ಯಂತ್ರ ಇದೆ, ಒಬ್ಬರಿಗೂ ಏನೂ ಆಗ್ತಿಲ್ಲ. ಎಲ್ಲಿ ಕೈ ಕೊಡ್ತಿದೆ ಅಂತ ಹೇಳಿ. ಹೊಗಳೋದು ಬೇಡ.

*

ಬೆಣ್ಣೆದೋಸೆ_ಎರಡು

2071ರಲ್ಲಿ ದುರ್ಗದಲ್ಲಿ ಹಗಲೂ ರಾತ್ರಿ ಕರೆಂಟ್ ಇರುತ್ತೆ ಅಂದ್ಮೇಲೆ ಯಾರಿಗೆ ಹೆದರಿಕೆ ಆಗುತ್ತೆ ಮೇಡಂ? ನಾನಂತೂ ಈಗಲೇ ಅಲ್ಲಿಗೆ ಮನೆ ಬದಲಾಯಿಸ್ತೀನಿ.

*

ಬಿಎನ್‌ಸಿ_ಪಿನ್ (ದಾವಣಗೆರೆ)

ಮೇಡಂ, ನಾನು ಕಥೆಗಾರ ಅಲ್ಲ. ದಾವಣಗೆರೆಲಿ ಸಿಸಿ ಕ್ಯಾಮೆರಾ ಹಾಕೋದು ನನ್ನ ಕಸುಬು. ಅಂಗಡಿ, ಗೋಡೌನು, ಕಲ್ಯಾಣ ಮಂಟಪ, ಲೇಡೀಸ್ ಪಿಜಿ, ಒಂದೆರಡು ದೇವಸ್ಥಾನದ ಹುಂಡಿ. ಹಗಲು ಏಣಿ ಮೇಲೆ, ರಾತ್ರಿ ಪುಸ್ತಕ. ನಿಮ್ಮ ಪ್ರಶ್ನೆ ನನ್ನ ಕೆಲಸದ ಬುಡಕ್ಕೇ ಬಂದಿದ್ದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೀನಿ.

ನಿಮ್ಮ ಮಹಾಯಂತ್ರ ಯಾಕೆ ಹೆದರಿಸಲ್ಲ ಅಂದ್ರೆ ಅದು ಭಾಳ ಚೆನ್ನಾಗಿ ಕೆಲಸ ಮಾಡ್ತೈತೆ. ಎಲ್ಲಾ ನೋಡ್ತೈತೆ, ಎಲ್ಲಾ ಓದ್ತೈತೆ, ತಪ್ಪು ಮಾಡಿದ ಕೂಡ್ಲೇ ಶಿಕ್ಷೆ. ಇಂಥದ್ದನ್ನ ನಾವು ಸಣ್ಣೋರಿದ್ದಾಗಿಂದ ದೇವರು ಅಂತ ಕೇಳ್ಕೊಂಡೇ ಬಂದೀವಿ. ಕೇಳಿದ ಮೇಲೂ ಸುಳ್ಳು ಹೇಳೋದು ಬಿಟ್ಟೀವಾ?

ನಾನು ಹಾಕಿದ ಕ್ಯಾಮೆರಾಗಳ ಕಥೆ ಕೇಳ್ರಿ. ಮುಕ್ಕಾಲು ಪಾಲು ಯಾರೂ ನೋಡಲ್ಲ. ಮೊದಲ ವಾರ ಓನರು ಮದುವೆ ಊಟಕ್ಕೆ ಕೂತಲ್ಲೂ ಮೊಬೈಲ್ ತೆಗೆದು ಪಕ್ಕದೋರಿಗೆ ತೋರಿಸ್ತಾರೆ, 'ನೋಡಿಲ್ಲಿ, ನಮ್ಮ ಅಂಗಡಿ ಲೈವ್.' ಆಮೇಲೆ ಮರೆತೇ ಹೋಗ್ತೈತೆ. ಡಿವಿಆರ್ (ರೆಕಾರ್ಡ್ ಮಾಡೋ ಪೆಟ್ಟಿಗೆ) ಮೇಲೆ ಲೆಕ್ಕದ ಪುಸ್ತಕ, ಅದರ ಮೇಲೆ ಟಿಫನ್ ಡಬ್ಬಿ. ಪಾಸ್‌ವರ್ಡ್ ಕೇಳಿದ್ರೆ ನನ್ನ ಮುಖ ನೋಡ್ತಾರೆ. ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಹಳೇದನ್ನ ಅಳಿಸಿ ಅದರ ಮೇಲೆ ಹೊಸದು ಬರ್ಕೊಂತ ಹೋಗ್ತೈತೆ, ಯಾರನ್ನೂ ಕೇಳಲ್ಲ. ಕಳ್ಳತನ ಆದಾಗ ಫೋನ್ ಬರ್ತೈತೆ, 'ಅಣ್ಣಾ, ಹೋದ ತಿಂಗಳದ್ದು ತೆಗೆದುಕೊಡು.' ಎಲ್ಲಿಂದ ತೆಗೀಲಿ? ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರ್ತವೆ, ಹುಳದ ಆಸೆಗೆ ಜೇಡ ಬಂದು ಸರಿಯಾಗಿ ಲೆನ್ಸ್ ಮುಂದೆ ಬಲೆ ಕಟ್ತೈತೆ. ಏನೋ ಅಲ್ಲಾಡ್ತೈತೆ ಅಂತ ಓನರ್ ಫೋನಿಗೆ ಬೆಳತನಕ ಅಲರ್ಟ್. ಬೆಳಗ್ಗೆ ಬೈಗುಳ ನನಗೆ, ಜೇಡಕ್ಕಲ್ಲ.

ಹಂಗಾದ್ರೆ ಕ್ಯಾಮೆರಾ ದಂಡಾನಾ? ಕೇಳ್ರಿ.

ಚೌಕಿಪೇಟೆಲಿ ಒಂದು ಸೀರೆ ಅಂಗಡಿಗೆ ಕ್ಯಾಮೆರಾ ಹಾಕಿದೆ. ವೈರ್ ಎಳೆದು, ಡೋಮ್ ಕೂರಿಸಿ, ಪವರ್ ಕೊಟ್ಟೆ. ಹಾರ್ಡ್ ಡಿಸ್ಕ್ ಬೆಂಗಳೂರಿಂದ ಬರಬೇಕಿತ್ತು, ಬಂದಿರಲಿಲ್ಲ. ಡಿವಿಆರ್ ಇನ್ನೂ ಡಬ್ಬ ಒಡೆದಿಲ್ಲ. ಅಂದ್ರೆ ಅಷ್ಟೂ ಕ್ಯಾಮೆರಾ ಕುರುಡು. ಅದು ಓನರಿಗೆ ಗೊತ್ತು, ನನಗೆ ಗೊತ್ತು. 'ಹುಡುಗೀರಿಗೆ ಹೇಳಬೇಡ' ಅಂದ್ರು ಓನರು, ಅಷ್ಟೇ.

ಆ ಅಂಗಡೀಲಿ ಕೆಲಸದೋರು ಕೂರಂಗಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನ ಒಬ್ಬಾಕೆ ಗಾದಿ ಅಂಚಿಗೆ ಸೊಂಟ ಕೊಟ್ಟು ಒರಗ್ತಿದ್ಲು. ಚಪ್ಪಲಿ ಬಿಟ್ಟು, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು, ಹೆಬ್ಬೆರಳಿನಿಂದ ಹಿಮ್ಮಡಿ ಉಜ್ಜಿಕೊಳ್ತಾ. ಪವರ್ ಕೊಟ್ಟ ಸಂಜೆಯಿಂದಲೇ ಆಕೆ ಕಂಬ ನಿಂತಂಗೆ ನಿಂತ್ಲು. ಮಾರನೇ ದಿನ ನಾನು ಪೈಪಿನ ಕ್ಲಾಂಪ್ ಹೊಡೆಯೋಕೆ ಹೋದಾಗ ಅಭ್ಯಾಸ ಬಲಕ್ಕೆ ಮತ್ತೆ ಒರಗಿದ್ಲು ಅಂತ ಕಾಣ್ತೈತೆ. ಪಕ್ಕದ ಹುಡುಗಿ ಮೆಲ್ಲಗೆ ತಿವಿದು, 'ಏ, ನೆಟ್ಟಗೆ ನಿಂತ್ಕಳೇ. ನಿನ್ನಿಂದ ನಾವೂ ಬೈಸ್ಕೋಬೇಕಾ?' ಅಂದ್ಲು. ಓನರು ಕ್ಯಾಶ್ ಕೌಂಟರಲ್ಲಿ ಪೇಪರ್ ಓದ್ತಿದ್ರು. ತಲೆ ಸಹ ಎತ್ತಲಿಲ್ಲ.

ನಿಮ್ಮ ಕಥೇಲಿ ಇಲ್ಲದೇ ಇರೋದು ಆ ಪಕ್ಕದ ಹುಡುಗಿ.

ಆರ್ವೆಲ್ ಬರೆದಿದ್ದನ್ನ ಇನ್ನೊಂದ್ ಸಲ ತೆಗೆದು ನೋಡ್ರಿ. ಟೆಲಿಸ್ಕ್ರೀನ್ ಹಿಂದೆ ಈ ಹೊತ್ತು ಯಾರಾದ್ರೂ ಕೂತಿದಾರಾ ಇಲ್ವಾ ಅಂತ ತಿಳಿಯೋ ದಾರಿನೇ ಕಥಾನಾಯಕ ವಿನ್‌ಸ್ಟನ್‌ಗೆ ಇಲ್ಲ. ಮೊದಲ ಭಾಗದಲ್ಲಿ, ಬೆಳಗಿನ ಕಸರತ್ತಿನ ಹೊತ್ತಿಗೆ, ಕಸರತ್ತು ಮಾಡಿಸೋ ಹೆಂಗಸು ಪರದೆ ಒಳಗಿಂದ ಅವನ ನಂಬರ್ ಕೂಗಿ ಇನ್ನೂ ಬಗ್ಗಪ್ಪ ಅಂತಾಳೆ. ಆ ಒಂದು ಕೂಗಿಗೇ ಉಳಿದ ಪುಟಗಳಲ್ಲೆಲ್ಲ ನಾವು ಬೆನ್ನು ನೆಟ್ಟಗೆ ಮಾಡ್ಕೊಂಡು ಓದ್ತೀವಿ. ಅದರಲ್ಲೇ ಪಾರ್ಸನ್ಸ್ ಅಂತ ಪಕ್ಕದ ಮನೆಯೋನು ಬರ್ತಾನೆ, ಆಳೋ ಪಕ್ಷದ ಪರಮ ಭಕ್ತ. ಅವನು ಸಿಕ್ಕಿಬೀಳೋದು ಯಾವ ಯಂತ್ರದಿಂದಾನೂ ಅಲ್ಲ. ನಿದ್ದೆಗಣ್ಣಲ್ಲಿ ಬಡಬಡಿಸಿದ್ದನ್ನ ಏಳು ವರ್ಷದ ಮಗಳು ಬೀಗದ ತೂತಿಗೆ ಕಿವಿ ಕೊಟ್ಟು ಕೇಳಿ, ಮಾರನೇ ದಿನ ಪೊಲೀಸಿಗೆ ಹೇಳ್ತಾಳೆ. ಅಪ್ಪ ಲಾಕಪ್ಪಲ್ಲಿ ಕೂತು ಮಗಳ ಬಗ್ಗೆ ಹೆಮ್ಮೆ ಪಡ್ತಾನೆ! ಪಕ್ಷದೋರ ಮನೆ ಮನೆಗೂ ಟೆಲಿಸ್ಕ್ರೀನ್ ಹಾಕಿಸಿದ ಲೇಖಕ ಹಿಡಿದುಕೊಡೋ ಕೆಲಸವನ್ನ ಬಾಗಿಲ ತೂತಿಗೆ ಕೊಟ್ಟಿದಾನಲ್ಲ, ಅಲ್ಲಿಗೆ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಟೀ ಕುಡಿದು ಬಂದೆ.

ಇನ್ನೊಂದು, ಶಾಕ್ ಕೊಡೋ ಚಿಪ್ ಬೇಡ. ಹೊಡೆತ ಬಿದ್ರೆ ಜನ ತಿರುಗಿ ಬೀಳ್ತಾರೆ. ನಮ್ಮ ಚಿಕ್ಕಮ್ಮ ಮಂಡಕ್ಕಿ ಭಟ್ಟೀಲಿ ದುಡಿದಾಕೆ. ಬಿಸಿ ಮರಳು, ಉಪ್ಪುನೀರು, ಚೀಲ ಎಳೆಯೋದು. ಬೆರಳಿನ ಗೆರೆ ಸವೆದು ನುಣ್ಣಗಾಗ್ಯಾವೆ. ರೇಷನ್ ತರೋಕೆ ಹೋಗಿ ಹೆಬ್ಬೆಟ್ಟು ಇಟ್ರೆ ಮಿಷನ್ ತಗೊಳ್ಳಲ್ಲ. ಸೆರಗಿಗೆ ಒರೆಸಿ ಇಟ್ಲು. ತಲೆಗೂದಲಿಗೆ ಉಜ್ಜಿ, ಎಣ್ಣೆ ಪಸೆ ಹತ್ತಿಸಿ ಇಟ್ಲು. ತೋರುಬೆರಳು, ನಡುಬೆರಳು, ಎಡಗೈ. ಹಿಂದೆ ಕ್ಯೂನಲ್ಲಿ ಇರೋರು ಗೊಣಗೋಕೆ ಶುರು. ಅಂಗಡಿಯವರು ಕೆಟ್ಟೋರಲ್ಲ, 'ಯಮ್ಮಾ, ನಿನ್ನ ನಾನು ಇಪ್ಪತ್ತು ವರ್ಷದಿಂದ ನೋಡೀನಿ, ಮಿಷನ್ ನೋಡಿಲ್ಲಲ್ಲ' ಅಂದ್ರು. ಓಟಿಪಿ ಹಾಕೋಣ ಅಂದ್ರೆ ಆ ನಂಬರಿನ ಫೋನು ಬೆಂಗಳೂರಲ್ಲಿ ಮಗನ ಜೇಬಲ್ಲಿ, ಅವನು ಡ್ಯೂಟೀಲಿ. ಚಿಕ್ಕಮ್ಮ ಯಾರಿಗೆ ಬೈಬೇಕು? ಯಾರಿಗೂ ಬೈಲಿಲ್ಲ. ಖಾಲಿ ಚೀಲ ಮಡಚಿ ಕಂಕುಳಿಗೆ ಸೇರಿಸಿ, 'ನನ್ನ ಬೆರಳೇ ಸರಿ ಇಲ್ಲ ಬಿಡು' ಅಂತ ಮನೆಗೆ ಬಂದ್ಲು.

ಮಾರ್ಗರೆಟ್ ಅಟ್‌ವುಡ್ 1985ರಲ್ಲಿ ಬರೆದ 'ದಿ ಹ್ಯಾಂಡ್‌ಮೇಡ್ಸ್ ಟೇಲ್'ನಲ್ಲಿ ಇಂಥದ್ದೇ ಒಂದು ಜಾಗ ಐತೆ. ಕಥೆ ಹೇಳೋ ಹೆಂಗಸು ಸಿಗರೇಟ್ ತಗೊಳ್ಳೋಕೆ ದಿನಾ ಹೋಗೋ ಅಂಗಡಿಗೆ ಹೋಗ್ತಾಳೆ, ಕಾರ್ಡ್ ನಡೆಯಲ್ಲ. ಖಾತೇಲಿ ದುಡ್ಡು ಐತೆ. ಆಮೇಲೆ ಗೊತ್ತಾಗ್ತೈತೆ, ಹೆಂಗಸರ ಖಾತೆಗಳನ್ನೆಲ್ಲ ಒಂದೇ ಏಟಿಗೆ ಬಂದ್ ಮಾಡಿದಾರೆ, ದುಡ್ಡೇನಿದ್ರೂ ಗಂಡನ ಕೈಗೆ, ಗಂಡ ಇಲ್ದಿದ್ರೆ ಹತ್ತಿರದ ಗಂಡಸಿನ ಕೈಗೆ. ಇಷ್ಟಕ್ಕೆ ಬೇಕಾಗಿದ್ದು ಹೊಸ ಯಂತ್ರ ಅಲ್ಲ. ಎಲ್ಲರೂ ಅನುಕೂಲ ಅಂತ ತಾವಾಗೇ ಜೇಬಲ್ಲಿ ಇಟ್ಕೊಂಡಿದ್ದ ಕಾರ್ಡು.

ದಾವಣಗೆರೆ 2016ರ ಜನವರೀಲಿ ಸ್ಮಾರ್ಟ್ ಸಿಟಿ ಮೊದಲ ಪಟ್ಟೀಲಿ ಬಂದಾಗ, ಆ 20 ಊರಲ್ಲಿ ನಮ್ದೂ ಐತೆ ಅಂತ ಖುಷಿ ಪಟ್ಟೋರಲ್ಲಿ ನಾನೂ ಒಬ್ಬ. ನನ್ನ ಹೊಟ್ಟೆಪಾಡೂ ಅದೇ ಅಲ್ವಾ. ಅದಕ್ಕೇ ಕ್ಯಾಮೆರಾ ಕೆಟ್ಟದ್ದು ಅಂತ ಭಾಷಣ ಮಾಡ್ತಿಲ್ಲ. ನಿಮ್ಮ ಕಥೆಗೆ ಹೇಳೋದಾದ್ರೆ, ಡ್ರೋನ್ ಅಷ್ಟನ್ನೂ ಇಳಿಸಿ. ಒಂದೇ ಒಂದು ಇರಲಿ, ಅದೂ ಬುರುಜಿನ ಮೇಲೆ ಕೆಟ್ಟು ಕೂತಿರಲಿ. ಅದು ಕೆಟ್ಟಿದ್ದು ಯಾರಿಗೂ ಗೊತ್ತಿಲ್ಲದಿರಲಿ. ಓಬವ್ವನ ಕಿಂಡೀಲಿ ಸೆನ್ಸರ್ ಅಂತೂ ತೆಗೀರಿ, ಕೋಟೆ ಮಂಗಗಳು ಒಂದು ವಾರ ಬಿಡಲ್ಲ.

*

ಮೊಳಕಾಲ್ಮೂರು_ಸೀಮೆ

ಮೇಲಿನ ಅಣ್ಣ ಹೇಳಿದ್ದು ಖರೆ. ನಾನು ಉದ್ಯೋಗ ಖಾತ್ರಿ ಕೆಲಸದಲ್ಲಿ ಕಾಯಕ ಬಂಧು (ಕೂಲಿಯವರ ಮೇಲ್ವಿಚಾರಣೆ ಮಾಡೋನು) ಆಗಿದ್ದೆ. 2023ರ ಜನವರಿ 1ರಿಂದ ಹಾಜರಿ ಮೊಬೈಲ್ ಆ್ಯಪಲ್ಲೇ ಆಗ್ಬೇಕು ಅಂತ ಕಡ್ಡಾಯ ಆಯ್ತು. ದಿನಕ್ಕೆ ಎರಡು ಫೋಟೋ, ಜಾಗದ ಗುರುತಿನ ಸಮೇತ. ಕೆರೆ ಅಂಗಳದಲ್ಲಿ ನೆಟ್‌ವರ್ಕ್ ಸಿಗ್ತಿರಲಿಲ್ಲ, ಏರಿ ಮೇಲೆ ಹತ್ತಿ ಕೈ ಎತ್ತಿ ನಿಲ್ಬೇಕಿತ್ತು.

ಹೂಳು ಎತ್ತೋ ಹೆಂಗಸರು ತಂಪೊತ್ತಲ್ಲೇ ಬಂದು ಬೇಗ ಬೇಗ ಅಳತೆ ಮುಗಿಸೋರು. ಮುಗಿಸಿದ್ರೂ ಮನೆಗೆ ಹೋಗಂಗಿಲ್ಲ, ಎರಡನೇ ಫೋಟೋ ಬಾಕಿ. ಗುದ್ದಲಿ ಮಗ್ಗುಲಿಗಿಟ್ಟು ಜಾಲಿ ಗಿಡದ ನೆರಳಲ್ಲಿ ಕೂತು ಕಾಯೋರು. ಫೋಟೋ ಹೊತ್ತಾದ ಮೇಲೆ ಎದ್ದು, ಸೆರಗು ಸರಿ ಮಾಡ್ಕೊಂಡು, ಗುದ್ದಲಿ ಹಿಡ್ಕೊಂಡು ಕೆಲಸ ಮಾಡ್ತಿರೋ ಥರ ನಿಲ್ಲೋರು. ನಾನು ಕ್ಲಿಕ್ ಮಾಡ್ತಿದ್ದೆ. ತೆಗೆದ ಗುಂಡಿ ಎಷ್ಟು ಆಳ ಅಂತ ಆ ಫೋಟೋದಲ್ಲಿ ಕಾಣ್ತಿರಲಿಲ್ಲ. ಅಪ್‌ಲೋಡ್ ಆಗ್ಲಿಲ್ಲ ಅಂದ್ರೆ ಬೈಸ್ಕೊಳ್ತಿದ್ದೋನೂ ನಾನೇ. ಅವರ ಕೂಲಿ ನನ್ನ ಫೋನಿನ ಸಿಗ್ನಲ್ ಮೇಲೆ ನಿಂತಿತ್ತು.

ಕಥೇಲಿ ಇಂಥ ಒಬ್ಬ ಮಧ್ಯದ ಮನುಷ್ಯ ಇರಲಿ ಮೇಡಂ. ಮಹಾಯಂತ್ರ ನೇರ ಜನರ ಹತ್ರ ಬರಲ್ಲ, ನಮ್ಮಂಥೋರನ್ನ ಕಳಿಸುತ್ತೆ.

*

ಪಾಠ_ಮುಗಿಸಿದ_ಮೇಷ್ಟ್ರು (ಚಿತ್ರದುರ್ಗ)

ತಾಯೀ, ನಿಮ್ಮ ಪ್ರಶ್ನೆಯೂ ದಾವಣಗೆರೆಯವರ ಉತ್ತರವೂ ಎರಡೂ ಚೆನ್ನಾಗಿವೆ. ಇತಿಹಾಸ ಕಲಿಸಿದವನು ನಾನು, ಆ ಕಡೆಯಿಂದ ಒಂದೆರಡು ಮಾತು.

ಅವರ ಚಿಕ್ಕಮ್ಮನ ಬೆರಳಿನಿಂದಲೇ ಹೊರಡುತ್ತೇನೆ. ಆಡಳಿತದ ಕೆಲಸಕ್ಕೆ ಕೈಗುರುತನ್ನು ಬಳಸಿದ ಮೊದಲಿಗರಲ್ಲಿ ಒಬ್ಬ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ. ಆದದ್ದು ನಮ್ಮ ದೇಶದಲ್ಲೇ, ಬಂಗಾಳದ ಜಂಗೀಪುರದಲ್ಲಿ, 1858ರಲ್ಲಿ. ರಾಜ್ಯಧರ ಕೊನಾಯ್ ಎಂಬಾತ ರಸ್ತೆಗೆ ಸಾಮಗ್ರಿ ಒದಗಿಸುವ ಕರಾರು ಬರೆದುಕೊಟ್ಟಾಗ ಹರ್ಷೆಲ್ ಅವನ ಅಂಗೈಗೆ ಮಸಿ ಬಳಿದು ಕಾಗದದ ಹಿಂಬದಿಗೆ ಒತ್ತಿಸಿಕೊಂಡ. ಬೆರಳ ಗೆರೆಗಳು ಒಬ್ಬರದು ಇನ್ನೊಬ್ಬರಿಗಿಲ್ಲ ಎಂಬ ಶಾಸ್ತ್ರವೆಲ್ಲ ಇನ್ನೂ ಬಂದಿರಲಿಲ್ಲ. ಮುಂದೆ ಈ ಸಹಿ ನನ್ನದಲ್ಲ ಎನ್ನದಂತೆ ಕೊನಾಯ್‌ನನ್ನು ಹೆದರಿಸಬೇಕೆಂದೇ ಹಾಗೆ ಮಾಡಿದೆ ಎಂದು ಹರ್ಷೆಲ್ ತಾನೇ ಬರೆದುಕೊಂಡಿದ್ದಾನೆ. ಯಂತ್ರ, ಶಾಸ್ತ್ರ, ಕಚೇರಿ ಎಲ್ಲವೂ ಹೆದರಿಕೆಯ ಹಿಂದೆ ಬಂದವು. ಅದೇ ಬಂಗಾಳದಲ್ಲಿ, ಕಲ್ಕತ್ತೆಯಲ್ಲಿ 1897ರಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಗುರುತುಗಳನ್ನು ವಿಂಗಡಿಸುವ ಲೆಕ್ಕಾಚಾರಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಹೆಸರು ಮಾತ್ರ ಮೇಲಧಿಕಾರಿ ಹೆನ್ರಿಯದಾಯಿತು. ಇದೂ ಒಂದು ಕಥೆಯೇ, ಯಾರಾದರೂ ಬರೆಯಬಹುದು.

ಎರಡನೆಯದು ಹೊತ್ತು. ರಷ್ಯದ ಯೆವ್ಗೆನಿ ಜಮ್ಯಾಟಿನ್ ಆರ್ವೆಲ್‌ಗಿಂತ ಮೊದಲೇ, 1920-21ರಲ್ಲಿ, 'ನಾವು' ಎಂಬ ಕಾದಂಬರಿ ಬರೆದ. 1924ರಲ್ಲಿ ಅದು ಇಂಗ್ಲಿಷಿನಲ್ಲಿ ಬಂತು. ಅವನ ಸ್ವಂತ ದೇಶದಲ್ಲಿ ಅಚ್ಚಾಗಲು 1988 ಬರಬೇಕಾಯಿತು. ಅಲ್ಲಿ ಮನೆಗಳೆಲ್ಲ ಗಾಜಿನವು, ಜನರಿಗೆ ಹೆಸರಿಲ್ಲ, ನಂಬರು. ಎಲ್ಲರೂ ಗಾಜಿನ ಮನೆಯ ಬಗ್ಗೆ ಮಾತಾಡುತ್ತಾರೆ. ನನ್ನನ್ನು ಕಾಡಿದ್ದು ಅದರಲ್ಲಿನ ವೇಳಾಪಟ್ಟಿ. ಇಡೀ ರಾಜ್ಯ ಒಂದೇ ಗಳಿಗೆಗೆ ಏಳುತ್ತದೆ, ಒಂದೇ ಗಳಿಗೆಗೆ ತುತ್ತನ್ನು ಬಾಯಿಗಿಡುತ್ತದೆ. ಜಮ್ಯಾಟಿನ್ ಸ್ವತಃ ಹಡಗು ಕಟ್ಟುವ ಎಂಜಿನಿಯರು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಷ್ಯಕ್ಕಾಗಿ ಹಿಮ ಒಡೆಯುವ ಹಡಗುಗಳು ಸಿದ್ಧವಾಗುವಾಗ ಉಸ್ತುವಾರಿ ಮಾಡಿದವನು. ಕಾರ್ಖಾನೆ ಹೊತ್ತನ್ನು ಹೇಗೆ ಹಿಡಿಯುತ್ತದೆಂಬುದು ಅವನಿಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ.

ನನ್ನ ತಂದೆ ದಾವಣಗೆರೆಯ ಹತ್ತಿಗಿರಣಿಯಲ್ಲಿದ್ದರು. ಗಿರಣಿಯ ಸೈರನ್ ಕೂಗಿದರೆ ಕೆಲಸವಿಲ್ಲದವರೂ ಎದ್ದು ಕೂರುತ್ತಿದ್ದರು, ಒಲೆಯ ಮೇಲಿನ ಎಸರು ಕೂಡ ಸೈರನ್ನಿಗೇ ಇಳಿಯುತ್ತಿತ್ತು. ಗಿರಣಿ ಬಿಟ್ಟು ದುರ್ಗಕ್ಕೆ ಬಂದ ಮೇಲೂ ನನ್ನ ತಂದೆ ರಾತ್ರಿ ಪಾಳಿಯ ಹೊತ್ತಿಗೆ ಎಚ್ಚರವಾಗಿ, ನೀರು ಕುಡಿದು ಮತ್ತೆ ಮಲಗುತ್ತಿದ್ದರು. ನಿಮ್ಮ ಚಿಪ್ಪು ಕಿವಿಯ ಹಿಂದೆ ಇದೆಯಲ್ಲ, ಅದು ಶಾಕ್ ಕೊಡುವುದಕ್ಕಿಂತ ದಿನಕ್ಕೆ ಮೂರು ಸಲ ಕೂಗಿದರೆ ಹೇಗಿರುತ್ತದೆ ನೋಡಿ.

ಕಡೆಗೆ ಒಂದು ತಕರಾರು. ನಿಮ್ಮ ನಾಯಕ ಸರ್ವರ್ ಒಡೆದ ಮಾರನೆಯ ದಿನ ವಾಣಿವಿಲಾಸ ಸಾಗರದಿಂದ ಊರಿಗೆ ನೀರು ಹತ್ತಿಸುವವರು ಯಾರು? ಆಸ್ಪತ್ರೆ? ಅಕ್ಕಿ? ಇ. ಎಂ. ಫಾರ್ಸ್ಟರ್ 1909ರಲ್ಲೇ 'ದಿ ಮೆಷೀನ್ ಸ್ಟಾಪ್ಸ್' ಎಂಬ ಕಥೆ ಬರೆದ. ಅದರಲ್ಲಿ ಜನರೆಲ್ಲ ನೆಲದಡಿಯ ಕೋಣೆಗಳಲ್ಲಿ ಒಬ್ಬೊಬ್ಬರೇ ಇರುತ್ತಾರೆ. ಊಟ, ಗಾಳಿ, ಸಂಗೀತ, ಮಾತು ಎಲ್ಲ ಗುಂಡಿ ಒತ್ತಿದರೆ. ಯಂತ್ರ ನಿಂತ ದಿನ ಯಾರಿಗೂ ಬಿಡುಗಡೆ ಸಿಗುವುದಿಲ್ಲ, ಅದರೊಳಗಿದ್ದವರೆಲ್ಲ ಅದರ ಜೊತೆಯೇ ಸಾಯುತ್ತಾರೆ. ನೀವು ಗೆಲುವಿನ ಕೊನೆ ಬರೆಯುವುದಾದರೆ ಬರೆಯಿರಿ, ಬೇಡವೆನ್ನುವುದಿಲ್ಲ. ಆದರೆ ಒಡೆಯುವ ಮುನ್ನ ನಾಯಕ ಒಂದು ಬಿಂದಿಗೆ ನೀರಾದರೂ ತುಂಬಿಟ್ಟುಕೊಳ್ಳಲಿ.

*

ಹರಿಹರ_ಪ್ಯಾಸೆಂಜರ್

ಎಲ್ಲರೂ ಕ್ಯಾಮೆರಾನ ಬೈತಿದ್ದೀರಿ, ನಾನು ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮ ಲೈನಿಗೆ ಕ್ಯಾಮೆರಾ ಬರೋಕೆ ಮುಂಚೆ ಸೂಪರ್‌ವೈಸರ್ ಬಂಡಲ್ ತಂದು ಮುಖದ ಮೇಲೆ ಎಸೆಯೋನು. ಪ್ರೊಡಕ್ಷನ್ ಕಮ್ಮಿ ಆದ್ರೆ ಹಿಂದಿನಿಂದ ಬಂದು ಕುರ್ಚಿ ಒದೆಯೋನು. ಕ್ಯಾಮೆರಾ ಬಂದ್ಮೇಲೆ ಎಸೆಯೋದು ಒದೆಯೋದು ನಿಂತಿತು. ನಾವೇ ನಾಲ್ಕು ಜನ ಸೇರಿ ಸ್ಟೋರ್ ರೂಮ್ ಹತ್ರಾನೂ ಒಂದು ಹಾಕಿಸಿ ಅಂತ ಕೇಳಿದ್ವಿ. ಯಾಕೆ ಅಂತ ಹೆಣ್ಮಕ್ಕಳಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಬೈಗುಳ ನಿಂತಿಲ್ಲ, ಯಾಕಂದ್ರೆ ಅದರಲ್ಲಿ ಮಾತು ರೆಕಾರ್ಡ್ ಆಗಲ್ಲ ಅಂತ ಅವನಿಗೆ ಗೊತ್ತು. ಈಗ ನಗ್ತಾ ನಗ್ತಾ ಬೈತಾನೆ. ಪರದೆ ಮೇಲೆ ನೋಡಿದೋರಿಗೆ ಏನೋ ತಮಾಷೆ ಮಾಡ್ತಿದಾನೆ ಅನ್ಸುತ್ತೆ. ಬಾತ್‌ರೂಮಿಗೆ ಎದ್ದು ಹೋದ್ರೆ ಖಾಲಿ ಮಿಷನ್ ಎಷ್ಟು ಹೊತ್ತು ಅಂತ ಅದೇ ಕ್ಯಾಮೆರಾದಲ್ಲಿ ಲೆಕ್ಕ ಹಾಕ್ತಾರೆ.

ಹಾಗಂತ ಕ್ಯಾಮೆರಾ ತೆಗೀರಿ ಅಂತ ನಾನಂತೂ ಹೇಳಲ್ಲ. ಕಥೇಲಿ ಜನರೆಲ್ಲ ಪಾಪದೋರು, ಯಂತ್ರ ಒಂದೇ ರಾಕ್ಷಸ ಅಂತ ಬರೆದ್ರೆ ನಾನು ಓದಲ್ಲ ಮೇಡಂ. ನಿಮ್ಮ ನಾಯಕಿನೇ (ನಾಯಕ ಯಾಕೆ, ನಾಯಕಿ ಮಾಡಿ) ಮೊದಲು ಹೋಗಿ ಚಿಪ್ ಕೇಳಿ ಹಾಕಿಸ್ಕೊಳ್ಳಲಿ. ಮಗಳು ಟ್ಯೂಷನ್‌ನಿಂದ ಕತ್ತಲಾದ್ಮೇಲೆ ಬರ್ತಾಳೆ, ಎಲ್ಲಿದಾಳೆ ಅಂತ ಗೊತ್ತಾಗ್ಲಿ ಅಂತ. ಯಾವ ತಾಯಿ ಬೇಡ ಅಂತಾಳೆ?

*

ಬೆಣ್ಣೆದೋಸೆ_ಎರಡು

ತಮಾಷೆ ಮಾಡೋಕೆ ಬಂದಿದ್ದೆ, ಈಗ ಫೋನಲ್ಲಿ ಮಗನ ಲೊಕೇಶನ್ ನೋಡ್ತಾ ಕೂತಿದ್ದೀನಿ. ವಿದ್ಯಾನಗರದಲ್ಲಿ ಇದಾನೆ. ಟ್ಯೂಷನ್ ಇರೋದು ಆ ಕಡೆ ಅಲ್ಲ. ಇದನ್ನ ಕೇಳ್ಲೋ ಬೇಡ್ವೋ?

*

ಹರಿಹರ_ಪ್ಯಾಸೆಂಜರ್

ಕೇಳ್ಬೇಡಿ ಸಾರ್. ಕೇಳಿದ್ರೆ ನಾಳೆಯಿಂದ ಫೋನ್ ಟ್ಯೂಷನ್‌ನಲ್ಲಿರುತ್ತೆ, ಮಗ ವಿದ್ಯಾನಗರದಲ್ಲಿರ್ತಾನೆ.

*

ಕೋಟೆ_ಹಿಂದಿನ_ಮನೆ (ಚಿತ್ರದುರ್ಗ)

ಎಲ್ಲರಿಗೂ ಕೈ ಮುಗೀತೀನಿ. ಎರಡು ದಿನದಿಂದ ಇದನ್ನೇ ಓದ್ತಿದ್ದೀನಿ.

ಮಹಾಯಂತ್ರ ತೆಗೆದೆ. ಮೇಷ್ಟ್ರೇ, ಸರ್ವರ್ ಒಡೆಯೋ ಅಧ್ಯಾಯಾನೂ ಹೋಯ್ತು, ಬಿಂದಿಗೆ ತುಂಬೋ ನಾಯಕನ್ನ ಬರೆಯೋಕೆ ಹೋಗಿ ನನಗೇ ನಗು ಬಂತು. ಹರಿಹರದ ಅಕ್ಕ ಹೇಳಿದ ಹಾಗೆ ಈಗ ನಾಯಕಿ. ಲಕ್ಷ್ಮೀ ಬಜಾರಿನ ಅಂಗಡೀಲಿ ಕೆಲಸ ಮಾಡ್ತಾಳೆ. ಚಿಪ್ಪನ್ನ ಮಗಳಿಗೋಸ್ಕರ ಅವಳೇ ಅರ್ಜಿ ಹಾಕಿ ತಗೊಳ್ತಾಳೆ, ಕ್ಯೂನಲ್ಲಿ ಮುಂದೆ ನಿಲ್ಲೋಕೆ ಪರಿಚಯದವರನ್ನ ಹಿಡೀತಾಳೆ. ಮೊಳಕಾಲ್ಮೂರಿನವರು ಹೇಳಿದ ಮಧ್ಯದ ಮನುಷ್ಯ ಅವಳ ಮೈದುನ. ಮನೇಲಿ ಅವನಿಗೆ ಅನ್ನ ಹಾಕೋದು ಇವಳೇ, ಆಚೆ ಇವಳ ಹಾಜರಿ ಹಾಕೋದು ಅವನು.

ಬಿಎನ್‌ಸಿ ಅಣ್ಣಾ, ನಿಮಗೊಂದು ಪ್ರಶ್ನೆ. ಒಂದು ಸನ್ನಿವೇಶ ಹೊಳೆದಿದೆ. ಅಂಗಡಿಯ ಕ್ಯಾಮೆರಾ ಕೆಟ್ಟಿದೆ, ಯಾವುದೂ ರೆಕಾರ್ಡ್ ಆಗ್ತಿಲ್ಲ ಅಂತ ಮೈದುನನಿಂದ ಅವಳೊಬ್ಬಳಿಗೆ ಗೊತ್ತಾಗುತ್ತೆ. ಉಳಿದವರಿಗೆ ಗೊತ್ತಿಲ್ಲ. ಆದ್ರೂ ಅವಳು ಗಾದಿಗೆ ಒರಗಲ್ಲ, ಪಕ್ಕದವಳು ಒರಗಿದ್ರೆ ಇವಳೇ ತಿವೀತಾಳೆ. ಪಕ್ಕದವಳಿಗೆ ನಿಜ ಹೇಳಿದ್ರೆ ಮೈದುನನ ಕೆಲಸ ಹೋಗುತ್ತೆ, ಅದಕ್ಕೆ. ಆ ಹೊತ್ತಲ್ಲಿ ಕರೆಂಟ್ ಹೋಗಿ ಕತ್ತಲಾಗ್ಬೇಕು, ಕ್ಯಾಮೆರಾದ ಕೆಂಪು ದೀಪ ಮಾತ್ರ ಕಾಣ್ಬೇಕು. ರೆಕಾರ್ಡ್ ಆಗದೇ ಇರೋ ಕ್ಯಾಮೆರಾದಲ್ಲಿ ಕೆಂಪು ಬೆಳಕು ಇರುತ್ತಾ? ತಮ್ಮ ಇರಲ್ಲ ಅಂತಿದಾನೆ.

*

ಬಿಎನ್‌ಸಿ_ಪಿನ್ (ದಾವಣಗೆರೆ)

ಇರ್ತೈತೆ ಮೇಡಂ, ತಮ್ಮನಿಗೆ ಹೇಳ್ರಿ. ಆ ಕೆಂಪು ದೀಪಕ್ಕೂ ರೆಕಾರ್ಡಿಂಗಿಗೂ ಸಂಬಂಧ ಇಲ್ಲ. ಕತ್ತಲಾದ ತಕ್ಷಣ ಕ್ಯಾಮೆರಾದಲ್ಲಿರೋ ಸೆನ್ಸರ್ ಇನ್‌ಫ್ರಾರೆಡ್ ಎಲ್‌ಇಡಿ ಆನ್ ಮಾಡ್ತೈತೆ. ಪವರ್ ಇದ್ರೆ ಸಾಕು, ಹಿಂದೆ ಡಿವಿಆರ್ ಇಲ್ದಿದ್ರೂ ಉರೀತೈತೆ. ಬೆಳಕಿನ ತರಂಗದ ಉದ್ದ 850 ನ್ಯಾನೋಮೀಟರ್ ಇರೋ ಎಲ್‌ಇಡಿ ಆದ್ರೆ ಮಂದ ಕೆಂಪು ಕಾಣ್ತೈತೆ. 940ರದ್ದು ಹಾಕಿದ್ರೆ ಕಣ್ಣಿಗೆ ಏನೂ ಕಾಣಲ್ಲ, ನಿಮ್ಮ ಸನ್ನಿವೇಶ ಕೆಟ್ಟೋಗ್ತೈತೆ. 850 ಇಡ್ರಿ.

ಆದ್ರೆ ಕರೆಂಟ್ ಹೋದ್ರೆ ಕ್ಯಾಮೆರಾನೂ ಹೋಗ್ತೈತೆ, ಅದಕ್ಕೆ ಯುಪಿಎಸ್ ಬೇಕು. ಅಂಗಡಿಯೋರು ಫ್ಯಾನಿಗೆ ಯುಪಿಎಸ್ ಕೊಡ್ದೆ ಕ್ಯಾಮೆರಾಕ್ಕೆ ಮಾತ್ರ ಕೊಟ್ಟಿದಾರೆ ಅಂತ ಒಂದು ಸಾಲು ಸೇರಿಸಿ, ನಮ್ಮಲ್ಲಿ ಭಾಳ ಕಡೆ ಹಂಗೇ ಇರ್ತೈತೆ. ಹುಡುಗೀರು ಸೆಕೇಲಿ ಬೆವರ್ತಾ ನಿಂತಿರ್ತಾರೆ, ಮೇಲೆ ಅದು ಉರೀತಿರ್ತೈತೆ.

ಮೈದುನನ ಪಾತ್ರಕ್ಕೆ ಮೊಳಕಾಲ್ಮೂರಿನ ಅಣ್ಣನ್ನ ಇನ್ನೂ ಸ್ವಲ್ಪ ಕೆದಕಿ ಕೇಳ್ರಿ, ಅವರ ಹತ್ರ ಸರಕು ಭಾಳ ಐತೆ ಅಂತ ಕಾಣ್ತೈತೆ. ಬರೆದಾದ ಮೇಲೆ ಇಲ್ಲೇ ಹಾಕಿ. ಇಡೀ ದಿನ ಹಾರೋ ಆ ಡ್ರೋನ್ ಮತ್ತೆ ಎಲ್ಲಾದ್ರೂ ನುಸುಳಿದ್ರೆ ಮಾತ್ರ ನಾನೂ ನಿಮ್ಮ ತಮ್ಮನ ಕಡೆ.